ಸ್ಟಡಿ ಸರ್ಟಿಫಿಕೇಟ್‌ನಲ್ಲಿ ಕಳೆದುಹೋದ ಒಂದು ವರ್ಷ

2019ರ ಮೇ ತಿಂಗಳು. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಗುಮಾಸ್ತರೊಬ್ಬರು, ಮೆಡಿಕಲ್ ಸೀಟಿನ ಮೀಸಲಾತಿಗೆ ಬೇಕಿದ್ದ ನನ್ನ ಸ್ಟಡಿ ಸರ್ಟಿಫಿಕೇಟ್ ಹಿಡಿದುಕೊಂಡು ಬೆರಳು ಮಡಚಿ ವರ್ಷ ಎಣಿಸುತ್ತಿದ್ದರು. ಒಂದರಿಂದ ಏಳನೇ ಕ್ಲಾಸು ನಮ್ಮೂರಿನ ಸರ್ಕಾರಿ ಶಾಲೆ. ಅದು ಸರಿ ಇತ್ತು. ಆಮೇಲೆ ಹೈಸ್ಕೂಲಿನ ಹಾಳೆ ತೆಗೆದರು. ಎಣಿಸಿದರು. ಮತ್ತೊಂದು ಸಲ ಎಣಿಸಿದರು. "ಒಂಬತ್ತ ವರ್ಷ ಆಗ್ತಾವಲ್ರೀ. ಹತ್ತು ಬೇಕು" ಅಂದರು.

ಅಪ್ಪನಿಗೆ ಅರ್ಥ ಆಗಲಿಲ್ಲ. "ಅಲ್ರೀ ಸರ್, ಆಕಿ ಹತ್ತೂ ವರ್ಷ ಕನ್ನಡ ಸಾಲ್ಯಾಗ ಕಲ್ತಾಳ್ರಿ" ಅಂದರು. ಗುಮಾಸ್ತರು ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಎಂಟನೇ ಕ್ಲಾಸಿಗೆ ಸೇರಿದ ವರ್ಷ 2013 ಅಂತ ಇರಬೇಕಾದ ಜಾಗದಲ್ಲಿ 2014 ಅಂತ ಇತ್ತು. ನೀಲಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಹೆಡ್ ಮಾಸ್ಟರ್ ಸಹಿ, ಸೀಲು ಎಲ್ಲದರ ಜೊತೆ. ನನ್ನ ಬದುಕಿನ ಒಂದು ವರ್ಷ ಆ ಹಾಳೆಯಲ್ಲಿ ಇರಲೇ ಇಲ್ಲ.

ನಾನೀಗ ಎಂಬಿಬಿಎಸ್ ಮುಗಿಸಿ, ಇಂಟರ್ನ್‌ಶಿಪ್ ಮುಗಿಸಿ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಜ್ವರ, ಬಿಪಿ ಅಂತ ಬಂದವರು ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಮೇಡಂ, ನಮ್ಮ ಹುಡುಗಿ ಸೈನ್ಸ್ ಓದ್ತಾಳ್ರಿ, ಡಾಕ್ಟರ್ ಆಗ್ಬೇಕಂತಾಳ. ಏನೇನ್ ಮಾಡ್ಬೇಕ್ರಿ?" ಅಂತ ಕೇಳುತ್ತಾರೆ. ಎಷ್ಟು ಗಂಟೆ ಓದಬೇಕು, ಯಾವ ಕೋಚಿಂಗ್ ಒಳ್ಳೇದು ಅನ್ನೋದೇ ಅವರ ಪ್ರಶ್ನೆ. ನಾನು ಹೇಳೋದು ಬೇರೆ. ಓದುವುದು ಹೇಗೆ ಅಂತ ಹೇಳಿಕೊಡುವವರು ನೂರು ಮಂದಿ ಸಿಗುತ್ತಾರೆ. ಅರ್ಜಿ ಹಾಕುವುದು ಹೇಗೆ ಅಂತ ನಮ್ಮಂಥ ಮನೆಗಳಿಗೆ ಹೇಳಿಕೊಡುವವರು ಸಿಗುವುದಿಲ್ಲ. ಅಂಕ ಬಂದಿದ್ದರೂ ಒಂದು ಕಾಗದ ಇಲ್ಲದೆ, ಒಂದು ಬಟನ್ ತಪ್ಪು ಒತ್ತಿ ಸೀಟು ಕಳೆದುಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಹೊಲ. ಮಳೆ ಬಂದರೆ ಸಜ್ಜೆ, ಶೇಂಗಾ, ಹಿಂಗಾರಿಗೆ ಕಡಲೆ. ಮನೆಯಲ್ಲಿ ಪಿಯುಸಿ ಓದಿದ ಮೊದಲನೆಯವಳು ನಾನು. 2016ರಲ್ಲಿ ಎಸ್ಸೆಸ್ಸೆಲ್ಸಿ ಆಯಿತು, ಒಳ್ಳೆ ಅಂಕ ಬಂತು, ಸೈನ್ಸ್ ತಗೊಂಡೆ. ಮೊದಲ ವಾರವೇ ಗೊತ್ತಾಯಿತು ಏನಾಗಿದೆ ಅಂತ. ಬಯಾಲಜಿ ಲೆಕ್ಚರರ್ ಬೋರ್ಡ್ ಮೇಲೆ 'ಫೋಟೋಸಿಂಥೆಸಿಸ್' ಅಂತ ಬರೆದು ಇಪ್ಪತ್ತು ನಿಮಿಷ ಮಾತಾಡಿದರು. ನಾನು ಏನೂ ತಿಳಿಯದೆ ಕೂತಿದ್ದೆ. ಹಸಿರು ಎಲೆಯ ಚಿತ್ರ ಬಿಡಿಸಿ ಸೂರ್ಯನಿಂದ ಬಾಣದ ಗುರುತು ಎಳೆದಾಗ ಹೊಳೆಯಿತು, ಅಯ್ಯೋ ಇದು ದ್ಯುತಿಸಂಶ್ಲೇಷಣೆ! ನನಗೆ ಬಾಯಿಪಾಠ ಬರುವ ವಿಷಯ. ಇಪ್ಪತ್ತು ನಿಮಿಷ ನಾನು ಪಾಠದ ಹೊರಗೆ ನಿಂತಿದ್ದೆ, ಬರೀ ಒಂದು ಹೆಸರು ಗೊತ್ತಿಲ್ಲದೆ.

ಅವತ್ತು ಸಂಜೆ ಇನ್ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಪುಟದ ಮಧ್ಯೆ ಗೆರೆ ಎಳೆದೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ವೇಗೋತ್ಕರ್ಷ ಅಂದರೆ ಆಕ್ಸಿಲರೇಶನ್. ಜಡತ್ವ ಅಂದರೆ ಇನರ್ಶಿಯಾ. ಪರಾಗಸ್ಪರ್ಶ ಅಂದರೆ ಪಾಲಿನೇಶನ್. ಮೂತ್ರಪಿಂಡ, ಕೋಶಕೇಂದ್ರ, ದ್ರಾವಣ, ವೇಗವರ್ಧಕ. ಮೊದಲ ಪಿಯುಸಿ ಮುಗಿಯುವ ಹೊತ್ತಿಗೆ ಆ ನೋಟ್‌ಬುಕ್ ತುಂಬಿ ಎರಡನೆಯದು ಶುರುವಾಗಿತ್ತು. ಕ್ಲಾಸಿನ ಬೇರೆಯವರು ವಿಷಯ ಕಲಿಯುತ್ತಿದ್ದ ಒಂದು ವರ್ಷ ನಾನು ಹೆಸರುಗಳನ್ನು ಕಲಿತೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಎಂಬಿಬಿಎಸ್ ಸೀಟಿಗೆ ಬರೆಯಬೇಕಾದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 2017ರಿಂದ ಆ ಅವಕಾಶ ಇದೆ. ಕನ್ನಡ ಆರಿಸಿಕೊಂಡರೆ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ನಾನು ಇಂಗ್ಲಿಷ್ ಆರಿಸಿದೆ, ಯಾಕೆಂದರೆ ಅಷ್ಟರಲ್ಲಿ ಪಿಯುಸಿಯ ಪಾಠವೆಲ್ಲ ತಲೆಯಲ್ಲಿ ಇಂಗ್ಲಿಷ್‌ನಲ್ಲೇ ಕೂತಿತ್ತು. ಈಗ ಕೇಳುವವರಿಗೂ ಅದನ್ನೇ ಹೇಳುತ್ತೇನೆ. ಪಿಯುಸಿ ಯಾವ ಭಾಷೆಯಲ್ಲಿ ಓದಿದ್ದೀರೋ ಅದರಲ್ಲೇ ಬರೆಯಿರಿ. ಇನ್ನೊಂದು ಮಾತು. ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆದಿರಿ ಅನ್ನೋದಕ್ಕೂ ಕನ್ನಡ ಮಾಧ್ಯಮದ ಮೀಸಲಾತಿಗೂ ಸಂಬಂಧವೇ ಇಲ್ಲ. ಆ ಮೀಸಲಾತಿ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಯಾವ ಮಾಧ್ಯಮದಲ್ಲಿ ಓದಿದಿರಿ ಅನ್ನೋದರ ಮೇಲೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಕೋಟಾ ಕೇಳುವುದನ್ನೇ ಬಿಟ್ಟಿದ್ದಾರೆ.

ಬಿಟ್ಟವರಲ್ಲಿ ನಾನೂ ಒಬ್ಬಳು. 2018ರಲ್ಲಿ ಮೊದಲ ಸಲ ಅರ್ಜಿ ಹಾಕಿದ್ದು ಸೈಬರ್ ಸೆಂಟರ್‌ನಲ್ಲಿ. ಹಿಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಅಲ್ಲಿದ್ದ ಅಣ್ಣ ಪಾಪ ಒಳ್ಳೆಯವನೇ, ಆದರೆ ಅವನಿಗೂ ಅವಸರ. ರಾಜ್ಯದಲ್ಲಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿಯಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಕೇಳುತ್ತೀರಾ ಅಂತ ಪ್ರಶ್ನೆ ಬಂದಾಗ "ಸರ್ಟಿಫಿಕೇಟ್ ಅದಾವೇನು?" ಅಂತ ಕೇಳಿದ. ಇಲ್ಲ ಅಂದೆ. ಎರಡಕ್ಕೂ 'ಇಲ್ಲ' ಒತ್ತಿದ. ಅದು ಆಮೇಲೆ ಮಾಡಿಸಬಹುದಾದ ಸರ್ಟಿಫಿಕೇಟ್ ಅಂತ ನನಗೆ ಗೊತ್ತಿರಲಿಲ್ಲ. ಒಟಿಪಿಗೆ ಅವನ ಮೊಬೈಲ್ ನಂಬರ್ ಹಾಕಿದ. ಪಾಸ್‌ವರ್ಡ್ ಅವನ ಡೈರಿಯಲ್ಲಿ ಉಳಿಯಿತು. ದಯವಿಟ್ಟು ಹೀಗೆ ಮಾಡಬೇಡಿ. ಸೈಬರ್‌ಗೆ ಹೋಗಿ, ತಪ್ಪಿಲ್ಲ. ಆದರೆ ನಂಬರ್ ನಿಮ್ಮದೇ ಇರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ಪ್ರತಿ ಪ್ರಶ್ನೆಯನ್ನೂ ನೀವೇ ಓದಿ, ಆಮೇಲೆ ಒತ್ತಲು ಹೇಳಿ.

ಆ ವರ್ಷ ನೀಟ್‌ನಲ್ಲಿ ನನಗೆ ಬಂದದ್ದು 720ಕ್ಕೆ 312. ಸರಿ ಉತ್ತರ 91, ತಪ್ಪು 52. ಒಂದು ಸರಿಗೆ ನಾಲ್ಕು, ಒಂದು ತಪ್ಪಿಗೆ ಮೈನಸ್ ಒಂದು. ಗೊತ್ತಿಲ್ಲದ ಪ್ರಶ್ನೆ ಬಿಡಲು ಮನಸ್ಸು ಬರದೆ ಸುಮ್ನೆ ಅಂದಾಜಿಗೆ ಗುರುತು ಹಾಕುತ್ತಾ ಹೋಗಿದ್ದೆ. ನಮ್ಮ ಶಾಲೆಗಳಲ್ಲಿ ಕಲಿಸಿದ್ದೇ ಅದು, ಖಾಲಿ ಬಿಡಬೇಡಿ, ಏನಾದರೂ ಬರೆಯಿರಿ ಅಂತ. ಇಲ್ಲಿ ಖಾಲಿ ಬಿಡುವುದನ್ನೂ ಕಲಿಯಬೇಕು.

ರಿಸಲ್ಟ್ ಬಂದು ಎರಡು ದಿನಕ್ಕೆ ಫೋನುಗಳು ಶುರುವಾದವು. ನನ್ನ ಹೆಸರು, ಅಂಕ ಎಲ್ಲ ಹೇಳಿ, "ಸೀಟ್ ಮಾಡಿಸಿಕೊಡ್ತೀವಿ, ಅಡ್ವಾನ್ಸ್ ಕೊಡಿ" ಅಂತ. ಅಪ್ಪ ಒಂದು ದಿನ ಯೋಚನೆ ಮಾಡಿದರು, ನಿಜ ಹೇಳುತ್ತೇನೆ. ಹೊಲದ ಪಹಣಿ ಹೊರಗೆ ತೆಗೆದಿದ್ದನ್ನು ನೋಡಿದೆ. ನಮ್ಮ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಮನೆಗೆ ಬಂದು ತಡೆದರು. ಖಾಸಗಿ ಕಾಲೇಜಿರಲಿ, ಡೀಮ್ಡ್ ಯೂನಿವರ್ಸಿಟಿಯಿರಲಿ, ಎಂಬಿಬಿಎಸ್ ಸೀಟು ನೀಟ್ ರ‍್ಯಾಂಕ್ ಮೇಲೆ, ಸರ್ಕಾರದ ಕೌನ್ಸೆಲಿಂಗ್ ಮೂಲಕವೇ ಹಂಚಿಕೆ ಆಗಬೇಕು. ನಡುವೆ ನಿಂತವನು ಕೊಡಿಸುವುದು ಏನೂ ಇಲ್ಲ. ಈ ಒಂದು ಮಾತು ಆ ದಿನ ನಮ್ಮ ನಾಲ್ಕು ಎಕರೆ ಉಳಿಸಿತು.

ನೀಟ್‌ಗೆ ಇನ್ನೊಂದು ವರ್ಷ ತಯಾರಿ ಮಾಡಿಸುವ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿದೆ. ದುಡ್ಡು ಬಂದದ್ದು ಅವ್ವನ ಸ್ವಸಹಾಯ ಸಂಘದ ಸಾಲದಿಂದ. ವಾರ ವಾರ ಕಂತು ಕಟ್ಟಿದ್ದು ಅವಳು. ಆ ಒಂದು ವರ್ಷದ ಬಗ್ಗೆ ಜಾಸ್ತಿ ಬರೆಯಲ್ಲ. ಎನ್‌ಸಿಇಆರ್‌ಟಿ ಬಯಾಲಜಿ ಪುಸ್ತಕವನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. 180 ಪ್ರಶ್ನೆಗಳಲ್ಲಿ 90 ಬಯಾಲಜಿಯವೇ ಅಲ್ವಾ. ಹಾಸ್ಟೆಲ್‌ನಲ್ಲಿ ಅತ್ತವರು ಬಹಳ, ಅರ್ಧಕ್ಕೆ ಬಿಟ್ಟು ಹೋದವರೂ ಇದ್ದರು. ನಾನು ಉಳಿದೆ, ಏಕೆಂದರೆ ಪ್ರತಿ ಭಾನುವಾರ ಫೋನಿನಲ್ಲಿ ಅವ್ವ ಅಂಕ ಕೇಳುತ್ತಿರಲಿಲ್ಲ. "ಉಂಡ್ಯಾ?" ಅಂತ ಮಾತ್ರ ಕೇಳುತ್ತಿದ್ದಳು.

ಎರಡನೇ ಸಲದ ನೀಟ್ ಅರ್ಜಿಯಲ್ಲೂ ಒಂದು ತಪ್ಪು ಮಾಡಿದೆವು. ಪರೀಕ್ಷೆಯ ಊರು ಆರಿಸುವಾಗ ಮೊದಲ ಆಯ್ಕೆ ಬೆಂಗಳೂರು ಅಂತ ಕೊಟ್ಟೆವು. ದೊಡ್ಡ ಊರು, ಎಲ್ಲ ವ್ಯವಸ್ಥಿತವಾಗಿ ಇರುತ್ತೆ ಅಂತ. ಹುಬ್ಬಳ್ಳಿ ಹತ್ತಿರ ಇತ್ತು, ಅದು ತಲೆಗೆ ಬರಲಿಲ್ಲ. ಪರೀಕ್ಷೆ 2019ರ ಮೇ 5, ಭಾನುವಾರ, ಮಧ್ಯಾಹ್ನ ಎರಡಕ್ಕೆ. ಒಂದೂವರೆಗೆ ಗೇಟ್ ಮುಚ್ಚುತ್ತಾರೆ. ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಭಾನುವಾರ ಬೆಳಿಗ್ಗೆ ಬೆಂಗಳೂರು, ಆರಾಮಾಗಿ ಹೋಗಬಹುದು ಅಂತ ನನ್ನ ಲೆಕ್ಕ. ಅಪ್ಪ ಒಪ್ಪಲಿಲ್ಲ. "ಒಂದಿನ ಮೊದ್ಲ ಹೋಗೂಣು. ರೊಕ್ಕ ಹೋದ್ರ ಹೋಗ್ಲಿ" ಅಂದರು. ಶುಕ್ರವಾರ ರಾತ್ರಿ ಕುಷ್ಟಗಿಯಲ್ಲಿ ಬಸ್ ಹತ್ತಿದೆವು. ಶನಿವಾರ ಹೋಗಿ ಸೆಂಟರ್ ಎಲ್ಲಿದೆ ನೋಡಿ ಬಂದೆವು. ಪರಿಚಯದವರ ಒಂದು ಕೋಣೆಯಲ್ಲಿ ರಾತ್ರಿ ಕಳೆದೆವು.

ಆ ಭಾನುವಾರ ಏನಾಯಿತು ಅಂತ ಉತ್ತರ ಕರ್ನಾಟಕದವರಿಗೆ ಇನ್ನೂ ನೆನಪಿರುತ್ತೆ. ಹಂಪಿ ಎಕ್ಸ್‌ಪ್ರೆಸ್ ಗಂಟೆಗಟ್ಟಲೆ ತಡವಾಯಿತು. ನೂರಾರು ಮಕ್ಕಳು ಹಾಲ್ ಟಿಕೆಟ್ ಹಿಡಿದುಕೊಂಡು ರೈಲಿನಲ್ಲೇ ಕೂತಿದ್ದರು, ಅತ್ತ ಗೇಟ್ ಮುಚ್ಚಿತು. ಆಮೇಲೆ ದೊಡ್ಡ ಗಲಾಟೆಯಾಗಿ, ಅವರಿಗೆ ಮೇ 20ರಂದು ಮತ್ತೊಂದು ಅವಕಾಶ ಸಿಕ್ಕಿತು. ಫಣಿ ಚಂಡಮಾರುತದಿಂದಾಗಿ ಒಡಿಶಾದಲ್ಲಿ ಮುಂದೂಡಿದ್ದ ಪರೀಕ್ಷೆಯೂ ಅದೇ ದಿನ ಇತ್ತು. ಸಿಕ್ಕಿದ್ದು ಒಳ್ಳೇದೇ ಆಯಿತು. ಆದರೆ ಆ ಹದಿನೈದು ದಿನ ಆ ಮಕ್ಕಳು ಹೇಗೆ ಕಳೆದರು ಅಂತ ನಾನು ಈಗಲೂ ಯೋಚಿಸುತ್ತೇನೆ. ಪ್ರತಿ ವರ್ಷ ಹೀಗೆ ಎರಡನೇ ಅವಕಾಶ ಸಿಗುತ್ತೆ ಅಂತ ನಂಬಿ ಕೂರಲು ಆಗಲ್ಲ. ಹತ್ತಿರದ ಊರು ಆರಿಸಿ, ಒಂದು ದಿನ ಮೊದಲೇ ಹೋಗಿ.

ಸೆಂಟರ್ ಗೇಟಿನಲ್ಲಿ ಓಲೆ, ಮೂಗುಬೊಟ್ಟು ಎಲ್ಲ ತೆಗೆಸಿದರು. ಮೂಗುಬೊಟ್ಟು ಹೊರಗೆ ಬರಲೇ ಇಲ್ಲ. ಚುಚ್ಚಿಸಿದ ದಿನದಿಂದ ತೆಗೆದಿರಲಿಲ್ಲ. ಪಕ್ಕದಲ್ಲಿದ್ದ ಯಾರದೋ ತಾಯಿ ತಲೆಗೆ ಹಚ್ಚುವ ಎಣ್ಣೆ ಕೊಟ್ಟು, ಮೆಲ್ಲಗೆ ತಿರುಗಿಸಿ ತೆಗೆದುಕೊಟ್ಟರು. ಅಪ್ಪ ಅದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಕಿಸೆಗೆ ಹಾಕಿಕೊಂಡರು. ಮೂರು ತಾಸು ಬಿಸಿಲಲ್ಲಿ ಆ ಕಿಸೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರಂತೆ. ಅವರ ಪಕ್ಕ ನಿಂತಿದ್ದವರು ಹೇಳಿದರು.

ಪರೀಕ್ಷೆ ಚೆನ್ನಾಗಿ ಆಗಿತ್ತು. ಆ ಸಲ ಪ್ರಾಧಿಕಾರದ ಅರ್ಜಿಯಲ್ಲಿ ಕೋಟಾದ ಪ್ರಶ್ನೆಗೆಲ್ಲ 'ಹೌದು' ಅಂತಲೇ ಕೊಟ್ಟಿದ್ದೆ. ಹಾಗಾಗಿ ಊರಿಗೆ ಬಂದ ಮಾರನೇ ದಿನವೇ ಕಾಗದದ ಕೆಲಸ ಶುರು ಮಾಡಿದೆವು. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಹೈದರಾಬಾದ್ ಕರ್ನಾಟಕದವರಿಗೆ (ಹೈ-ಕ, ಈಗ ಕಲ್ಯಾಣ ಕರ್ನಾಟಕ) ಸಂವಿಧಾನದ 371(ಜೆ) ವಿಧಿಯ ಪತ್ರ, ಅದು ಎಸಿ, ಅಂದರೆ ಉಪವಿಭಾಗಾಧಿಕಾರಿ ಆಫೀಸಿನಿಂದ. ಇದು ಸಣ್ಣ ಕಾಗದ ಅಲ್ಲ. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ 70 ಪರ್ಸೆಂಟ್, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಪರ್ಸೆಂಟ್ ಸೀಟು ಅದರ ಮೇಲೆ ನಿಂತಿದೆ. ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್. ಈ ಎರಡಕ್ಕೂ ಒಂದರಿಂದ ಹತ್ತು, ಪೂರ್ತಿ ಹತ್ತು ವರ್ಷ ಓದಿದ ದಾಖಲೆ ಬೇಕು. ಹೆಡ್ ಮಾಸ್ಟರ್ ಬರೆದುಕೊಡಬೇಕು, ಬಿಇಒ ಮೇಲುರುಜು ಹಾಕಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯಿಂದ.

ಹಾಗೆ ಹೋಗಿ ನಿಂತಾಗಲೇ ಆ ಗುಮಾಸ್ತರು ಬೆರಳು ಮಡಚಿ ಎಣಿಸಿದ್ದು. ನನಗೆ ಆ ಕ್ಷಣ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ಅವರನ್ನು ನೆನೆದರೆ ಕೈ ಮುಗಿಯಬೇಕು ಅನಿಸುತ್ತೆ. ಎಣಿಸದೆ ಸೀಲು ಹಾಕಿ ಕಳಿಸಬಹುದಿತ್ತು. ಆಗ ಆ ತಪ್ಪು ಗೊತ್ತಾಗುತ್ತಿದ್ದುದು ವೆರಿಫಿಕೇಶನ್ ಟೇಬಲ್ ಮುಂದೆ, ನಾವು ಊರಿಂದ ನೂರಾರು ಮೈಲಿ ದೂರ ಇದ್ದಾಗ.

ಆದರೆ ಮೇ ತಿಂಗಳು. ಶಾಲೆಗೆ ಬೇಸಿಗೆ ರಜೆ. ಹೆಡ್ ಮಾಸ್ಟರ್ ತಮ್ಮೂರಿಗೆ ಹೋಗಿದ್ದರು. ದಾಖಲಾತಿ ರಿಜಿಸ್ಟರ್ ಶಾಲೆಯ ಅಲ್ಮಾರದಲ್ಲಿ, ಅಲ್ಮಾರದ ಕೀಲಿ ಅವರ ಹತ್ತಿರ. ಅಪ್ಪ ಪಕ್ಕದ ಮನೆಯವರ ಬೈಕ್ ಇಸಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಹೊರಟರು. ರಾತ್ರಿ ಒಂಬತ್ತಕ್ಕೆ ಹೆಡ್ ಮಾಸ್ಟರ್ ಅವರನ್ನೇ ಹಿಂದೆ ಕೂರಿಸಿಕೊಂಡು ಬಂದರು. ಪುಣ್ಯಾತ್ಮರು, ಒಂದು ಮಾತು ಎದುರಾಡದೆ ಬಂದಿದ್ದರು. ನಮ್ಮನೆಯಲ್ಲೇ ಉಂಡರು, ಕಟ್ಟೆ ಮೇಲೆ ಮಲಗಿದರು.

ಬೆಳಿಗ್ಗೆ ಆರೂವರೆಗೆ ಶಾಲೆ ತೆಗೆದರು. ಖಾಲಿ ಶಾಲೆಗೆ ಒಂದು ವಾಸನೆ ಇರುತ್ತೆ, ಸುಣ್ಣದ್ದು, ಹಳೆ ಕಾಗದದ್ದು. ಅಲ್ಮಾರದಿಂದ ಉದ್ದನೆಯ ರಿಜಿಸ್ಟರ್ ತೆಗೆದು ಧೂಳು ಒರೆಸಿ ಪುಟ ತಿರುವಿದರು. ನನ್ನ ಹೆಸರು ಸಿಕ್ಕಿತು. ಸೇರಿದ ವರ್ಷ 2013. ಅದರ ಮುಂದೆ ಅಪ್ಪನ ಸಹಿ ಇತ್ತು. ಅಪ್ಪ ನಾಲ್ಕನೇ ಕ್ಲಾಸು ಓದಿದವರು. ಅಕ್ಷರ ಒಂದೊಂದಾಗಿ ಬಿಡಿಸಿ ಬರೆದ ಸಹಿ. ಹೆಡ್ ಮಾಸ್ಟರ್ ಆ ಸಾಲಿನ ಮೇಲೆ ಬೆರಳಿಟ್ಟು ಹೊಸ ಪತ್ರ ಬರೆದರು. ಈ ಸಲ ನಾವು ಮೂವರೂ ಕೂತು ಎಣಿಸಿದೆವು. ಹತ್ತು. ಹನ್ನೊಂದು ಗಂಟೆಗೆ ಬಿಇಒ ಅವರ ಹಸಿರು ಇಂಕಿನ ಸಹಿ ಬಿತ್ತು.

ಅದಕ್ಕೇ ಹೇಳುತ್ತೇನೆ, ಮೇ ತಿಂಗಳಿಗೆ ಕಾಯಬೇಡಿ. ಎರಡನೇ ಪಿಯುಸಿಯ ದಸರಾ ರಜೆಯಲ್ಲೇ ಈ ಪತ್ರಗಳನ್ನು ಮಾಡಿಸಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜಾತಿ ಪತ್ರದಲ್ಲಿ ಅಡ್ಡಹೆಸರು, ಹೀಗೆ ಒಬ್ಬಳೇ ಹುಡುಗಿ ಮೂರು ಹೆಸರಲ್ಲಿ ಇರುತ್ತಾಳೆ. ಎಲ್ಲವನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಮಾಡಿಸಿ. ಪರೀಕ್ಷಾ ಪ್ರಾಧಿಕಾರದ ಪದ್ಧತಿ ಈಗ ಬಹಳ ಮಟ್ಟಿಗೆ ಆನ್‌ಲೈನ್ ಆಗಿದೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ, ಆ ವರ್ಷದ ಬ್ರೋಷರ್ ಓದಲೇಬೇಕು. ಆದರೆ ಆನ್‌ಲೈನ್ ಆದರೂ ಮೂಲ ದಾಖಲೆಯಲ್ಲಿ ವರ್ಷ ತಪ್ಪಿದ್ದರೆ ತಪ್ಪು ತಪ್ಪೇ.

ಈಗ ಆ ಕೋಟಾದ ಮಾತಿಗೆ ಬರುತ್ತೇನೆ. ಲಾಂಗ್ ಟರ್ಮ್ ಹಾಸ್ಟೆಲ್‌ನಲ್ಲಿ ಒಬ್ಬಳು ಹೇಳಿದ್ದಳು, "ನಿನಗೇನು ಬಿಡು, ಕನ್ನಡ ಕೋಟಾ ಇದೆ, ಹೈ-ಕ ಇದೆ." ಕೆಟ್ಟ ಮನಸ್ಸಿನಿಂದ ಅಲ್ಲ. ಆದರೂ ಆ ಮಾತು ನನ್ನೊಳಗೆ ಬಹಳ ದಿನ ಕೂತಿತ್ತು. ನಾನು ಯಾರದೋ ಜಾಗ ಕಿತ್ತುಕೊಳ್ಳುತ್ತಿದ್ದೇನಾ ಅಂತ. ಆ ಬೆಳಿಗ್ಗೆ ಶಾಲೆಯ ಅಲ್ಮಾರದ ಮುಂದೆ ನಿಂತಾಗ ಅದು ಕರಗಿತು. ಮೂರು ಕೋಣೆಯ ಶಾಲೆ ಅದು. ಲ್ಯಾಬ್ ಅಂದರೆ ಒಂದು ಪೆಟ್ಟಿಗೆ. ವಿಜ್ಞಾನದ ಮೇಷ್ಟ್ರು ನಾನು ಒಂಬತ್ತಕ್ಕೆ ಬಂದ ಮೇಲೆ ಸಿಕ್ಕರು. ಅಲ್ಲಿಂದ ಹೋಗಿ, ಎರಡು ನೋಟ್‌ಬುಕ್ ತುಂಬ ಹೆಸರು ಬರೆದುಕೊಂಡು ಕಲಿತವಳು, ಮನೆಯಲ್ಲೇ ಇಂಗ್ಲಿಷ್ ಕೇಳಿ ಬೆಳೆದವರ ಜೊತೆ ಅದೇ ಮೂರು ತಾಸಿನಲ್ಲಿ ಅದೇ 180 ಪ್ರಶ್ನೆ ಬಿಡಿಸಿದ್ದಳು. ಆ ಹತ್ತು ವರ್ಷವನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡರೆ ಅದು ದಾನ ಅಲ್ಲ. ನಾಚಿಕೆಯಿಂದ ಕೋಟಾ ಬಿಡುವ ಮಕ್ಕಳಿಗೆ ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಅದೂ ಅಲ್ಲದೆ, ಇವತ್ತು ಒಪಿಡಿಯಲ್ಲಿ ಮುದುಕಿಯೊಬ್ಬಳು "ಎದಿ ಹಿಡದಂಗ ಆಗ್ತದವ್ವ, ಬೆನ್ನಾಗ ಚಳಕು" ಅಂದಾಗ ಅದು ಹೃದಯದ್ದೋ ಸ್ನಾಯುವಿನದ್ದೋ ಅಂತ ನಾಲ್ಕು ಮಾತಲ್ಲಿ ಕೇಳಿ ತಿಳಿಯಲು ನನಗೆ ಸಾಧ್ಯ ಆಗುವುದು ಆ ನೋಟ್‌ಬುಕ್ಕಿನ ಎಡಗಡೆಯ ಕನ್ನಡದ ಕಾಲಂನಿಂದ.

ಜೂನ್ 5ಕ್ಕೆ ರಿಸಲ್ಟ್ ಬಂತು. 463. ಸರಿ 124, ತಪ್ಪು 33. ಉಳಿದ 23 ಪ್ರಶ್ನೆ ಖಾಲಿ ಬಿಟ್ಟಿದ್ದೆ.

ಅಂಕದ ಬಗ್ಗೆ ಒಂದು ಮಾತು. "ಎಷ್ಟು ಅಂಕ ಬಂದರೆ ಸೀಟು ಸಿಗುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಂಕ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಅಂಕಕ್ಕೆ ಬೆಲೆ ಇಲ್ಲ, ರ‍್ಯಾಂಕಿಗೆ ಬೆಲೆ. 2024ರಲ್ಲಿ ಮೊದಲ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಪ್ರಶ್ನೆಪತ್ರಿಕೆ ಸೋರಿಕೆ, ಗ್ರೇಸ್ ಅಂಕ, 1563 ಮಕ್ಕಳಿಗೆ ಮರುಪರೀಕ್ಷೆಯ ಅವಕಾಶ, ಸುಪ್ರೀಂ ಕೋರ್ಟ್, ಎಲ್ಲ ಆಗಿ ಕೊನೆಗೆ 17 ಮಂದಿ ಉಳಿದರು. ಆ ವರ್ಷ ಹಿಂದಿನ ವರ್ಷದ ಕಟ್ ಆಫ್ ನೋಡಿ ಧೈರ್ಯವಾಗಿದ್ದ ಎಷ್ಟೋ ಮನೆಗಳು ಕುಸಿದುಹೋದವು. ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್ ನೋಡಿ, ನಿಮ್ಮ ಕೆಟಗರಿಯದ್ದು, ನಿಮ್ಮ ಕೋಟಾದ ಅಕ್ಷರ ಸೇರಿಸಿ ನೋಡಿ. ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ, ಎಚ್ ಅಂದರೆ ನಮ್ಮ 371(ಜೆ).

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಒಂದು, ಎರಡು ಅಂತ ಕ್ರಮವಾಗಿ ತುಂಬುವುದು. ನನ್ನ ಪ್ರಕಾರ ಇಡೀ ಪ್ರಕ್ರಿಯೆಯಲ್ಲಿ ಅತಿ ಜಾಸ್ತಿ ತಪ್ಪಾಗುವುದು ಇಲ್ಲೇ. ನಮ್ಮ ಲಾಂಗ್ ಟರ್ಮ್ ಬ್ಯಾಚಿನಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಸಿಗುವುದನ್ನು ಮೊದಲು ಹಾಕು, ಇಲ್ಲದಿದ್ದರೆ ಅದೂ ಹೋಗುತ್ತೆ. ಇದು ಪೂರ್ತಿ ತಪ್ಪು. ಕಂಪ್ಯೂಟರ್ ಮಾಡುವುದು ಇಷ್ಟೇ. ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದುತ್ತೆ. ಮೊದಲನೆಯದು ಖಾಲಿ ಇದೆಯಾ, ನಿಮಗೆ ಅರ್ಹತೆ ಇದೆಯಾ? ಇಲ್ಲ. ಎರಡನೆಯದು? ಇಲ್ಲ. ಹತ್ತನೆಯದು? ಇದೆ. ಕೊಟ್ಟಿತು. ನಿಮ್ಮ ಸರದಿ ಮುಗಿಯುವ ತನಕ ನಿಮ್ಮ ಹಿಂದಿನ ರ‍್ಯಾಂಕಿನವರನ್ನು ಅದು ಮುಟ್ಟುವುದೇ ಇಲ್ಲ. ಅವರು ಆ ಕಾಲೇಜನ್ನು ಒಂದನೇ ಆಯ್ಕೆ ಮಾಡಿದ್ದರೂ, ನೀವು ಹತ್ತನೇ ಆಯ್ಕೆ ಮಾಡಿದ್ದರೂ, ಸೀಟು ಮೊದಲು ನಿಮಗೇ. ಹಾಗಾಗಿ ಮೇಲೆ ನಿಮಗೆ ಆಸೆ ಇರುವ ಕಾಲೇಜು ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ನನ್ನ ಜೊತೆ ಓದಿದ ಒಬ್ಬಳು ಹೆದರಿ ಹತ್ತಿರದ ಹೊಸ ಕಾಲೇಜನ್ನು ಮೊದಲು ಹಾಕಿ, ನಿಜವಾಗಿ ಬೇಕಿದ್ದ ಹಳೆಯ ಕಾಲೇಜನ್ನು ಎರಡನೆಯದಾಗಿ ಹಾಕಿದಳು. ಮೊದಲನೆಯದೇ ಸಿಕ್ಕಿತು. ಮುಂದಿನ ಸುತ್ತಿಗೆ ಹೋಗೋಣ ಅಂದರೆ, ಸಿಕ್ಕಿದ್ದಕ್ಕಿಂತ ಕೆಳಗಿನ ಆಯ್ಕೆಗಳು ಲೆಕ್ಕಕ್ಕೇ ಇಲ್ಲ. ಅವಳಿಗಿಂತ ಹಿಂದಿನ ರ‍್ಯಾಂಕಿನ ಹುಡುಗಿ ಆ ಹಳೆಯ ಕಾಲೇಜಿಗೆ ಹೋದಳು. ನನ್ನ ಜೊತೆ ಓದಿದವಳು ಈಗ ಒಳ್ಳೆ ಡಾಕ್ಟರ್ ಆಗಿದ್ದಾಳೆ, ಅದು ಬೇರೆ ಮಾತು. ಆದರೆ ಆ ದಿನ ಫೋನಿನಲ್ಲಿ ಅವಳ ದನಿ ನನಗೆ ನೆನಪಿದೆ.

ಇನ್ನೊಂದು ಗುಂಡಿ ಫೀಸಿನದು. ಒಂದೇ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಬೇರೆ ಆಪ್ಷನ್, ಖಾಸಗಿ ಕೋಟಾದ ಸೀಟು ಬೇರೆ ಆಪ್ಷನ್. ಹೆಸರು ಒಂದೇ. ಫೀಸು ಮಾತ್ರ ಆಗ ಒಂದರದು ಸುಮಾರು ಲಕ್ಷ, ಇನ್ನೊಂದರದು ವರ್ಷಕ್ಕೆ ಏಳೆಂಟು ಲಕ್ಷ. ಈಗ ಖಾಸಗಿ ಕೋಟಾದ್ದು ಹತ್ತು ಲಕ್ಷ ದಾಟಿದೆ. ಹೆಸರು ನೋಡಿ ನಂಬರ್ ಕೊಟ್ಟುಬಿಟ್ಟರೆ ಕಟ್ಟಲಾಗದ ಸೀಟು ಕೈಗೆ ಬರುತ್ತೆ. ನಾನು ಪಟ್ಟಿಯನ್ನು ಕಂಪ್ಯೂಟರ್ ಮುಂದೆ ಮಾಡಲೇ ಇಲ್ಲ. ಹಾಳೆಯ ಮೇಲೆ ಬರೆದೆ. ಒಂದೊಂದು ಸಾಲಿನ ಮುಂದೆಯೂ ಫೀಸು ಬರೆದು ಅಪ್ಪನಿಗೆ ಓದಿ ಹೇಳಿದೆ. "ಇದು ಕಟ್ಟಾಕ ಆಗ್ತದ?" "ಆಗ್ತದ." "ಇದು?" ಅಪ್ಪ ಸುಮ್ಮನಾದರು. ಅದನ್ನು ಹೊಡೆದು ಹಾಕಿದೆ. ಎರಡು ದಿನ ಹೀಗೆ ಕೂತು ಪಟ್ಟಿ ಮಾಡಿದೆವು. ಮಾಕ್ ಅಲಾಟ್‌ಮೆಂಟ್ (ಸೀಟು ಹಂಚಿಕೆಯ ಅಣಕು ಪಟ್ಟಿ) ಬಂದ ಮೇಲೆ ಒಂದು ಸಲ ತಿದ್ದಿದೆ. ಅದು ಇರುವುದೇ ತಿದ್ದಲಿಕ್ಕೆ.

ಮೊದಲ ಸುತ್ತಿನಲ್ಲಿ ರಾಯಚೂರು ಸಿಕ್ಕಿತು. ಮನೆಯಲ್ಲಿ ಅವ್ವ ಸಕ್ಕರೆ ಹಂಚಿಬಿಟ್ಟಳು. ಆಮೇಲೆ ಚಾಯ್ಸ್ ಕೊಡಬೇಕು. ಒಂದು ಅಂದರೆ ಇದು ಸಾಕು, ಸೇರುತ್ತೇನೆ. ಎರಡು ಅಂದರೆ ಇದು ಒಪ್ಪಿಗೆ, ಆದರೆ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದರೆ ನಾನು ಹೊರಗೆ. ನಾನು ಎರಡು ಕೊಡುತ್ತೇನೆ ಅಂದಾಗ ಅಪ್ಪ ಬೆವರಿದರು. "ಕೈಗೆ ಬಂದಿದ್ದು ಹೋಗ್ತದೇನವ್ವ?" ಹೋಗಲ್ಲ, ಮೇಲಿನದು ಸಿಕ್ಕರೆ ಮಾತ್ರ ಇದು ಬಿಡುತ್ತೆ ಅಂತ ಹೇಳಿದೆ. ನಂಬಲಿಲ್ಲ. ಬ್ರೋಷರ್‌ನ ಆ ಪುಟವನ್ನು ಮೇಷ್ಟ್ರ ಮನೆಗೆ ತಗೊಂಡು ಹೋಗಿ ಓದಿಸಿ ಕೇಳಿಕೊಂಡು ಬಂದ ಮೇಲೆ ಬ್ಯಾಂಕಿಗೆ ಹೋಗಿ ಚಲನ್ ಕಟ್ಟಿದರು. ಎರಡನೇ ಸುತ್ತಿನಲ್ಲಿ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ವಿಮ್ಸ್ ಬಂತು.

ಸೇರುವ ದಿನ ಕಾಲೇಜಿನವರು ಮೂಲ ದಾಖಲೆಗಳನ್ನೆಲ್ಲ ಇಟ್ಟುಕೊಂಡರು. ಕೋರ್ಸ್ ಮುಗಿಯುವ ತನಕ ಅವು ಅಲ್ಲೇ. ಹಾಗಾಗಿ ಕೊಡುವ ಮೊದಲು ಐದಾರು ಸೆಟ್ ಜೆರಾಕ್ಸ್, ಸ್ಕ್ಯಾನ್ ಕಾಪಿ ಮಾಡಿಟ್ಟುಕೊಳ್ಳಿ. ನನಗೆ ಅವು ವಾಪಸ್ ಸಿಕ್ಕಿದ್ದು ಇಂಟರ್ನ್‌ಶಿಪ್ ಮುಗಿದ ಮೇಲೆ. ಕವರ್ ಬಿಚ್ಚಿದರೆ ಅಂಕಪಟ್ಟಿಗಳ ಕೆಳಗೆ ಆ ಎರಡು ಹಾಳೆ ಇದ್ದವು. ಹಸಿರು ಇಂಕು ಸ್ವಲ್ಪ ಮಾಸಿತ್ತು. ವರ್ಷ ಮಾತ್ರ ಸ್ಪಷ್ಟ ಕಾಣುತ್ತಿತ್ತು, 2013.

ಅಪ್ಪ ಅವನ್ನು ಟ್ರಂಕಿನಲ್ಲಿ ಪಹಣಿಯ ಜೊತೆ ಇಟ್ಟಿದ್ದಾರೆ. ಊರಲ್ಲಿ ಯಾರ ಮಕ್ಕಳಾದರೂ ಸೈನ್ಸ್ ಓದುತ್ತಿದ್ದರೆ ಕರೆದು ತೋರಿಸುತ್ತಾರೆ. ಅವರು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಹೆಡ್ ಮಾಸ್ಟರ್ ಹತ್ತಿರ ಇದೇ ನಮೂನೆಯಲ್ಲಿ ಬರೆಸಲಿಕ್ಕೆ. ಬಾಗಿಲ ತನಕ ಹೋಗಿ ಅಪ್ಪ ಒಂದು ಮಾತು ಹೇಳಿ ಕಳಿಸುತ್ತಾರಂತೆ. "ಸಹಿ ಆದ್ಮ್ಯಾಲ ಅಲ್ಲೇ ನಿಂತು ವರ್ಷ ಎಣಿಸ್ರಿ."